ಹಸಿರು ಪೊಟ್ಟಣದ ನೌಕರಿ

ಆ-ಕುನ್ ಬೆಳಿಗ್ಗೆ ನಾಲ್ಕು ತುತ್ತು ಟರ್ಕಿ ಕೋಳಿಯ ಅನ್ನ ತಿಂದು ಮನೆ ಬಿಟ್ಟಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಶಿಕ್ಷಣ ಇಲಾಖೆಯ ತಪಾಸಣೆಯವರು ಬರುವ ದಿನ, ಚಿಯಾಯಿ ಊರಿನ ಆ ನರ್ಸಿಂಗ್ ಕಾಲೇಜಿನಲ್ಲಿ ಹೊಟ್ಟೆಯ ಕಡೆ ನೋಡಲು ಯಾರಿಗೆ ಪುರಸೊತ್ತು? ಸ್ಕೂಟರ್ ನಿಲ್ಲಿಸಿ ಗ್ರಂಥಾಲಯದ ಹಿಂದಿನ ಕೋಣೆಗೆ ಓಡಿದ. ಅಲ್ಲಿ ದೊಡ್ಡ ಕಂಪ್ಯೂಟರಿನ ನೆತ್ತಿಯ ಮೇಲೆ, ಎಂದಿನಂತೆ, ಜೋಳದ ಕುರುಕಲಿನ ಹಸಿರು ಪೊಟ್ಟಣ ಕೂತಿತ್ತು.

ಯಂತ್ರ ನಾವು ಹೇಳಿದ ಮಾತು ಕೇಳಬೇಕಾದರೆ ಮೇಲೊಂದು ಹಸಿರು ಪೊಟ್ಟಣ ಇರಲೇಬೇಕು. ಹಳದಿ ಇಟ್ಟರೆ ಮುನಿಸಿಕೊಳ್ಳುತ್ತೆ, ತಾರೀಖು ಮೀರಿದ್ದು ಇಟ್ಟರೆ ಮಲಗಿಯೇಬಿಡುತ್ತೆ. ಬ್ಯಾಂಕು, ಆಸ್ಪತ್ರೆ, ಪೊಲೀಸ್ ಠಾಣೆ, ಎಲ್ಲ ಕಡೆ ಇಡುತ್ತಾರೆ. ನಂಬ್ತೀರಾ ಅಂತ ಕೇಳಿದರೆ ನಕ್ಕುಬಿಡುತ್ತಾರೆ, ಹಾಗಾದರೆ ತೆಗೀರಿ ಅಂದರೆ ಒಬ್ಬರೂ ಕೈ ಹಾಕುವುದಿಲ್ಲ. ಆ-ಕುನ್ ಕೈ ಹಾಕಿದ. ಪೊಟ್ಟಣ ಹರಿದು ಗಬಗಬನೆ ಮುಕ್ಕಿದ. ಆಮೇಲೆ ಇನ್ನೊಂದು ತಂದಿಟ್ಟರಾಯಿತು, ಯಾರಪ್ಪನಿಗೆ ಗೊತ್ತಾಗುತ್ತೆ!

ಬೆರಳು ನೆಕ್ಕುತ್ತಿರುವಾಗಲೇ ಫೋನ್ ಬಡಿದುಕೊಂಡಿತು. ಎರಡನೇ ವರ್ಷದ ವಿದ್ಯಾರ್ಥಿನಿ ಪೈ-ರು.

"ಅಣ್ಣಾ, ವೈದ್ಯ ಗ್ರಂಥಾಲಯ ತೆರೀತಾನೇ ಇಲ್ಲ! ಇಡೀ ಕ್ಲಾಸಲ್ಲಿ ಒಬ್ಬರಿಗೂ ಇಲ್ಲ!"

ಆ-ಕುನ್‌ನ ಕೆಲಸವೇ ಅದು, ನರ್ಸಿಂಗ್ ಮಕ್ಕಳಿಗೆ ಆನ್‌ಲೈನ್ ವೈದ್ಯ ಗ್ರಂಥಾಲಯದ ಬಾಗಿಲು ತೆರೆಸಿಕೊಡುವುದು. ಆರು ವರ್ಷದಿಂದ ತಾತ್ಕಾಲಿಕ ನೌಕರ. ಇವತ್ತು ತಪಾಸಣೆಯವರ ಎದುರು ಮಕ್ಕಳು ಪಟಪಟನೆ ಪುಸ್ತಕ ತೆರೆದು ತೋರಿಸಿಬಿಟ್ಟರೆ ಕಾಯಂ ಮಾಡುತ್ತೇವೆ ಅಂತ ಮುಖ್ಯಸ್ಥ ಲೈ ಮಾತು ಕೊಟ್ಟಿದ್ದರು.

"ಅಯ್ಯಯ್ಯೋ! ಪೊಟ್ಟಣ ಎಲ್ಲೋ?"

ನೆಲ ಒರೆಸಲು ಬಂದ ಸು ಅತ್ತೆ ಎದೆ ಎದೆ ಬಡಿದುಕೊಂಡಳು.

"ಇಲಿ ತಿಂದಿರ್ಬೇಕು ಅತ್ತೆ," ಅಂದ ಆ-ಕುನ್.

"ಇಲಿ ತಿಂದು, ಖಾಲಿ ಪೊಟ್ಟಣ ಮಡಚಿ, ಹುಡುಕ್ಕೊಂಡು ಹೋಗಿ ಪ್ಲಾಸ್ಟಿಕ್ ಕಸದ ಬುಟ್ಟಿಗೇ ಹಾಕ್ತೇನೋ? ಯಾವನೋ ಹಾಳು ಹೊಟ್ಟೆಯವನು ನುಂಗಿದಾನೆ. ಅದಕ್ಕೇ ಯಂತ್ರ ಮುಷ್ಕರ ಹೂಡಿದೆ!"

ಗದ್ದಲ ಕೇಳಿ ಲೈ ಧಾವಿಸಿ ಬಂದರು. ಬರಿದಾದ ನೆತ್ತಿ ನೋಡಿ ಅವರ ಮುಖ ಕೆಂಪೇರಿತು. "ತಿಂದೋರು ಯಾರು? ಯಾರೇ ಆಗಲಿ, ಅವರ ಕೆಲಸ ಇವತ್ತಿಗೆ ಮುಗೀತು!"

ಆ-ಕುನ್ ಗಲ್ಲ ಒರೆಸಿಕೊಂಡ. "ಸರ್, ಪೊಟ್ಟಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿನ್ನೆ ಸಂಜೆ ನೀವೇ ಎಲ್ಲರ ಪಾಸ್‌ವರ್ಡ್ ರದ್ದು ಮಾಡ್ಸಿದ್ರಲ್ಲ..."

"ಸುರಕ್ಷತೆ ಕಣಯ್ಯಾ! ಹೊಸದು ಪಡೆಯೋದು ಹೇಗೆ ಅಂತ ಸೂಚನೆ ಹಾಕಿಲ್ವಾ?"

"ಹಾಕಿದೀನಿ. ನೀವು ಹೇಳಿದ ಹಾಗೇ, ಆನ್‌ಲೈನ್ ಗ್ರಂಥಾಲಯದ ಒಳಗೆ."

"ಮತ್ತಿನ್ನೇನು? ಒಳಗೆ ಹೋಗಿ ಓದ್ಕೊಳ್ಳಲಿ."

"ಒಳಗೆ ಹೋಗೋದು ಹೇಗೆ ಅಂತ್ಲೇ ಸರ್ ಆ ಸೂಚನೇಲಿರೋದು. ಬಾಗಿಲಿಗೆ ಒಂದು ಚೀಟಿ ಅಂಟಿಸ್ಲಾ?"

"ಚೀಟಿ? ಕಾಗದವಿಲ್ಲದ ಕಾಲೇಜು ಅಂತ ಈಗತಾನೇ ಫಲಕ ತೂಗುಹಾಕಿದೀನಿ! ತಲೆಹರಟೆ ಬಿಟ್ಟು ಪೊಟ್ಟಣ ತಗೊಂಡು ಬಾ!"

ಮೂಲೆಯ ಅಂಗಡಿಯಲ್ಲಿ ಹಸಿರು ಖಾಲಿ. ಊರಿನ ಕಾಲೇಜುಗಳಿಗೆಲ್ಲ ಒಟ್ಟಿಗೇ ತಪಾಸಣೆ ಅಂದರೆ ಇನ್ನೇನು ಉಳಿದೀತು? ಆ-ಕುನ್ ಹಳದಿಯದನ್ನೇ ಕೊಂಡು, ಆಪರೇಷನ್ ಕೋಣೆಯ ಹಸಿರು ಟೋಪಿಯೊಂದನ್ನು ಅದಕ್ಕೆ ತೊಡಿಸಿ ತಂದಿಟ್ಟ.

ಸು ಅತ್ತೆ ಟೋಪಿ ಎತ್ತಿ ನೋಡಿದಳು. "ಯಾರ ಕಣ್ಣಿಗೆ ಮಣ್ಣೆರಚ್ತೀಯೋ? ನನ್ನ ಕಣ್ಣಿಗಾದ್ರೆ ಎರಚು, ಯಂತ್ರದ ಕಣ್ಣಿಗೆ ಎರಚ್ತೀಯಾ?" ಎಂದು ಕಸಬರಿಕೆ ಬಿಸುಟು ಪಕ್ಕದ ಆಸ್ಪತ್ರೆಯ ಕಡೆ ನಡೆದಳು.

ಇದೇ ಸಮಯವೆಂದು ಆ-ಕುನ್ ತರಗತಿಗೆ ಹಾರಿದ. ಒಬ್ಬೊಬ್ಬರಿಗೂ ಹೊಸ ಪಾಸ್‌ವರ್ಡ್ ಮಾಡಿದ. ಬರೆದುಕೊಳ್ಳಲು ಕಾಗದ ತೆಗೆಯುವಂತಿಲ್ಲವಲ್ಲ! ಪೈ-ರುವೇ ದಾರಿ ತೋರಿಸಿದಳು. ವಾರ್ಡಿನಲ್ಲಿ ರೋಗಿಯ ಜ್ವರ, ನಾಡಿ ಎಲ್ಲ ಬರೆದುಕೊಳ್ಳುವ ಹಾಗೆ ಮುಂಗೈ ಚಾಚಿದಳು. ಉಳಿದವರೂ ಚಾಚಿದರು. ಪೆನ್ನಿನ ಕಚಗುಳಿಗೆ ಕಿಸಿಕಿಸಿ ನಗುವವರ ಕೈ ಹಿಡಿದು ಹಿಡಿದು ಅವನ ಸೊಂಟವೇ ಬಿದ್ದುಹೋಯಿತು.

"ಅಣ್ಣಾ, ತೆರೀತು!" ಪೈ-ರು ಚಪ್ಪಾಳೆ ತಟ್ಟಿದಳು. ಆಮೇಲೆ ದನಿ ತಗ್ಗಿಸಿ, "ಕಾಲರ್ ಮೇಲೆ ಜೋಳದ ಪುಡಿ ಇದೆ. ಒರೆಸ್ಕೊಳ್ಳಿ," ಅಂದಳು.

ಆ-ಕುನ್‌ಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಲೈ ಅವರ ಜೊತೆ ತಪಾಸಣೆಯ ಫಾಂಗ್ ಮೇಡಂ ಒಳಗೆ ಕಾಲಿಟ್ಟರು. ಮಕ್ಕಳು ಮುಂಗೈ ನೋಡಿಕೊಂಡು ಕೀಲಿ ಒತ್ತಿದ್ದೇ ತಡ, ಹೃದಯದ ಪುಸ್ತಕ ಒಬ್ಬಳದು, ಮಕ್ಕಳ ಔಷಧದ ಪ್ರಮಾಣ ಇನ್ನೊಬ್ಬಳದು, ಎಲ್ಲ ತೆರೆದುಕೊಂಡವು. ಮೇಡಂ ತಲೆದೂಗಿದರು. ಆ-ಕುನ್‌ನ ಕಣ್ಣು ತುಂಬಿ ಬಂತು. ಆರು ವರ್ಷದಲ್ಲಿ ಇಂಥ ದಿನ ಅವನು ಕಂಡಿರಲಿಲ್ಲ.

"ಬಹಳ ಚೆನ್ನಾಗಿದೆ. ಮಕ್ಕಳಿಗೆ ತೊಡಕಾದ್ರೆ ಸರಿಮಾಡೋರು ಯಾರು?" ಎಂದು ಮೇಡಂ ಕೇಳಿದರು.

ಆ-ಕುನ್ ಒಂದು ಹೆಜ್ಜೆ ಮುಂದಿಟ್ಟ. ಅದೇ ಹೊತ್ತಿಗೆ ಸು ಅತ್ತೆ ಏದುಸಿರು ಬಿಡುತ್ತ ನುಗ್ಗಿದಳು. "ಸರ್! ಎಕ್ಸ್-ರೇ ಯಂತ್ರದ ಮೇಲಿದ್ದಿದ್ದನ್ನ ಕಾಡಿ ಬೇಡಿ ತಂದು ಇಟ್ಟೆ. ಇಟ್ಟ ಗಳಿಗೇಲೇ ತೆರೀತು ನೋಡಿ!"

ಲೈ ಹೆಮ್ಮೆಯಿಂದ ಮೇಡಂ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು ತೋರಿಸಿದರು. ಆ-ಕುನ್, ಪೈ-ರು ಹಿಂದೆಯೇ ಹೋದರು. ಯಂತ್ರದ ನೆತ್ತಿಯ ಮೇಲೆ ಅಪ್ಪಟ ಹಸಿರು ಪೊಟ್ಟಣ.

"ಬೆಳಿಗ್ಗೆ ಯಾವನೋ ಕದ್ದು ತಿಂದು ನಮ್ಮ ಮಾನ ಕಳೀತಿದ್ದ ಮೇಡಂ. ಇಲ್ಲ, ನಾನೇ ರಿಪೇರಿ ಮಾಡಿದೆ ಅನ್ನೋರು ಯಾರಾದ್ರೂ ಇದ್ರೆ ಮುಂದೆ ಬರಲಿ, ಪೊಟ್ಟಣ ಹೋಗಿದ್ದು ಎಲ್ಲಿಗೆ ಅಂತ ಅವರನ್ನೇ ಕೇಳೋಣ."

ಆ-ಕುನ್ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. ಪೈ-ರು ಬಾಯಿ ತೆರೆಯಹೋದಳು. ಕೈಮುಗಿದು ಕಣ್ಣಲ್ಲೇ ಬೇಡ ಅಂದ.

"ನಮ್ಮ ಇಲಾಖೇಲೂ ಒಂದಿಟ್ಟಿದೀವಿ," ಎಂದ ಫಾಂಗ್ ಮೇಡಂ ದನಿ ಭಕ್ತಿಯಿಂದ ಮೆತ್ತಗಾಗಿತ್ತು. "ಇಂಥದ್ದಕ್ಕೆ ಕಾಯಂ ಏರ್ಪಾಡು ಇರ್ಬೇಕು. ನಾನು ಶಿಫಾರಸು ಮಾಡ್ತೀನಿ."

ಸಂಜೆಯ ಹೊತ್ತಿಗೆ ಯಂತ್ರದ ಮೇಲೆ ಗಾಜಿನ ಪೆಟ್ಟಿಗೆ ಬಂತು, ಪೆಟ್ಟಿಗೆಗೆ ಬೀಗ ಬಂತು, ಎದುರಿಗೊಂದು ಕ್ಯಾಮರಾ ಬಂತು. ಲೈ ಆ-ಕುನ್‌ನ ಭುಜ ತಟ್ಟಿದರು.

"ಇರೋ ಒಂದು ಕಾಯಂ ಏರ್ಪಾಡು ಪೊಟ್ಟಣಕ್ಕೆ ಹೋಯ್ತು ಕಣಯ್ಯಾ, ಬೇಜಾರು ಮಾಡ್ಕೋಬೇಡ. ಅದರ ಉಸ್ತುವಾರಿ ನಿಂದೇ. ಪೊಟ್ಟಣದ ತಾರೀಖು ಮುಗಿಯೋವರೆಗೂ ನಿನ್ನ ಒಪ್ಪಂದ ಮುಂದುವರಿಸಿದೀನಿ."

ಅವರು ಹೋದ ಮೇಲೆ ಆ-ಕುನ್ ಬಗ್ಗಿ ಗಾಜಿನೊಳಗಿನ ತಾರೀಖು ಓದಿದ. ಪಾಪ, ಸು ಅತ್ತೆ ಅವಸರದಲ್ಲಿ ನೋಡಿರಲಿಲ್ಲ. ನಾಳೆಗೇ ಮುಗಿಯುತ್ತಿತ್ತು.