ಥಂಡಾ ಕುಡಿಸುವ ನೌಕರಿ

ವಿಜ್ಞಾನ ಅಂದ ಕೂಡಲೇ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ನನಗೆ ಮಾತ್ರ ನಗು ಬರುತ್ತದೆ. ಲ್ಯಾಬೊರೇಟರಿಯೊಳಗೆ ತೆಪ್ಪಗೆ ಕೂತಿರುವ ವಿಜ್ಞಾನ ಹೊಸಿಲು ದಾಟಿ ಮನುಷ್ಯರ ಹತ್ತಿರ ಹೋಯಿತೋ, ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅದರಲ್ಲೂ ನನ್ನಂಥವನ ಕೈಯಲ್ಲಿ ಕಳಿಸಿದರೆ ಕೇಳುವುದೇ ಬೇಡ.

ಎಪ್ಪತ್ತರ ದಶಕದ ಮಾತು. ಉಡುಪಿ ಕಡೆಯಿಂದ ಒಂದು ಬಿ.ಎಸ್ಸಿ. ಹಿಡಿದುಕೊಂಡು ಮುಂಬಯಿಗೆ ಬಂದ ನನಗೆ ಜೋಗೇಶ್ವರಿಯ ಸಣ್ಣ ಲ್ಯಾಬೊರೇಟರಿಯೊಂದರಲ್ಲಿ ಕೆಲಸ ಸಿಕ್ಕಿತು. ಬಾಟಲಿಯಲ್ಲಿ ಬರುವ ತಂಪು ಪಾನೀಯ, ಅಂದರೆ ನಮ್ಮ ಮುಂಬಯಿಯ 'ಥಂಡಾ', ಕುಡಿದರೆ ಹಲ್ಲಿಗೇನಾಗುತ್ತದೆ, ಹೊಟ್ಟೆಗೇನಾಗುತ್ತದೆ ಎಂದು ಪತ್ತೆ ಹಚ್ಚುವ ಸಂಶೋಧನೆ. ನಮ್ಮ ಸಾಹೇಬರು ಮರಾಠಿಯವರು, ಡಾಕ್ಟರೇಟ್ ಮಾಡಿದವರು. ಥಂಡಾ ಅಂದರೆ ವಿಷ ಎಂದು ಅವರ ಗಟ್ಟಿ ನಂಬಿಕೆ. ಅದನ್ನು ಲೋಕಕ್ಕೆ ತೋರಿಸುವುದೊಂದು ಬಾಕಿ. "ಫಲಿತಾಂಶ ಬರಲಿ, ನಿನ್ನನ್ನು ಪರ್ಮನೆಂಟ್ ಮಾಡಿಸುತ್ತೇನೆ" ಅಂದಿದ್ದರು.

ಆ ಪರ್ಮನೆಂಟ್ ನನಗೆ ಬೇಕಾದದ್ದು ಹೆಣ್ಣಿಗಾಗಿ ಮಾರಾಯ್ರೆ! ಮಾಟುಂಗದಲ್ಲಿ ನಮ್ಮೂರ ಕಡೆಯ ಧನಿಗಳೊಬ್ಬರ ಹೋಟೆಲಿತ್ತು. ಚಿಕ್ಕಪ್ಪನ ಜೊತೆ ಹೋಗಿ ಅವರ ಮಗಳನ್ನು ನೋಡಿ ಬಂದಿದ್ದೆ. ನನಗೆ ಅವಳು ಬಹಳ ಹಿಡಿಸಿದ್ದಳು. ಅವಳೂ ಒಪ್ಪಿದ್ದಳು. ಆದರೆ ಧನಿಗಳು ನಮಗೆ ಹೊಟ್ಟೆ ತುಂಬ ಉಪಚಾರ ಮಾಡಿ, ಕೊನೆಗೆ ಚಿಕ್ಕಪ್ಪನಿಗೆ, "ಹುಡುಗ ಒಳ್ಳೆಯವ. ಆದ್ರೆ ಟೆಂಪರರಿ ಅಲ್ವಾ? ಪರ್ಮನೆಂಟ್ ಆಗ್ಲಿ, ಆಮೇಲೆ ನೋಡುವ" ಅಂದುಬಿಟ್ಟರು. ಅಂದಿನಿಂದ ಸಾಹೇಬರಿಗಿಂತ ನನಗೇ ಥಂಡಾ ಮೇಲೆ ಹೆಚ್ಚು ಸಿಟ್ಟು.

ಹಲ್ಲು ಬೇಕಾಗಿದೆ

ಮೊದಲು ಥಂಡಾದಲ್ಲಿ ಹಲ್ಲು ನೆನೆಹಾಕಿ ನೋಡಬೇಕಿತ್ತು. ದಾದರಿನ ಹಲ್ಲಿನ ಡಾಕ್ಟರೊಬ್ಬರು ಕೊಟ್ಟ ಹಲ್ಲುಗಳೆಲ್ಲ ಹುಳುಕು. "ಇದಕ್ಕೆ ಥಂಡಾ ಇನ್ನೇನು ಮಾಡೀತು? ಒಳ್ಳೆಯ ಹಲ್ಲು ತಾ" ಎಂದು ಸಾಹೇಬರು ಮುಖ ಸಿಂಡರಿಸಿದರು. ಒಳ್ಳೆಯ ಹಲ್ಲನ್ನು ಯಾವ ಪುಣ್ಯಾತ್ಮ ಕೀಳಿಸಿಕೊಳ್ಳುತ್ತಾನೆ? ನನಗೆ ಮಕ್ಕಳ ಹಾಲುಹಲ್ಲು ನೆನಪಾಯಿತು. ನಾನಿದ್ದ ಚಾಳಿನಲ್ಲಿ, ಸಾಲು ಕೋಣೆಗಳ ಆ ವಠಾರದಲ್ಲಿ, ಮಕ್ಕಳಿಗೇನು ಬರವೇ? ಬಾಗಿಲು ಬಾಗಿಲಿಗೆ ಹೋಗಿ ಕೇಳಿದೆ.

ಪಕ್ಕದ ಖೋಲಿಯ ಮರಾಠಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಬಂದರು. "ಬಿದ್ದ ಹಲ್ಲನ್ನು ಮಾಡಿನ ಮೇಲೆ ಎಸೆಯಬೇಕು. ನೀನು ಥಂಡಾದಲ್ಲಿ ಮುಳುಗಿಸಿ ಇಟ್ಟರೆ ನನ್ನ ಮೊಮ್ಮಗನಿಗೆ ಹೊಸ ಹಲ್ಲು ಕಪ್ಪಗೆ ಹುಟ್ಟುತ್ತದೆ. ಆಮೇಲೆ ಅವನಿಗೆ ಹೆಣ್ಣು ಯಾರು ಕೊಡುತ್ತಾರೆ? ನೀನು ಕೊಡುತ್ತೀಯಾ?" ನನಗೇ ಹೆಣ್ಣು ಸಿಗುವುದು ಕಷ್ಟವಾಗಿತ್ತು, ಅವರ ಮೊಮ್ಮಗನಿಗೆ ಎಲ್ಲಿಂದ ತರಲಿ? ಬರಿಗೈಯಲ್ಲಿ ವಾಪಸು ಬಂದೆ.

ಸಂಜೆ ಬಾಗಿಲು ತಟ್ಟಿದ ಶಬ್ದ. ನೋಡಿದರೆ ಮೂಲೆ ಖೋಲಿಯ ಅಜ್ಜ, ಮಿಲ್ಲಿನಲ್ಲಿ ದುಡಿದು ರಿಟೈರ್ ಆದವರು. ಕರ್ಚೀಫಿನಲ್ಲಿ ಕಟ್ಟಿದ ಏನನ್ನೋ ನನ್ನ ಕೈಗಿಟ್ಟರು. ಬಿಚ್ಚಿದರೆ ಮೇಲಿನದು ಕೆಳಗಿನದು ಪೂರಾ ಸೆಟ್ಟು! ಅಜ್ಜ ಬೊಚ್ಚು ಬಾಯಲ್ಲಿ ಹೇಳಿದರು: "ಒಂದಕ್ಕೂ ಹುಳ ಹಿಡಿದಿಲ್ಲ, ಗ್ಯಾರಂಟಿ. ಆದರೆ ಊಟಕ್ಕೆ ಮೊದಲು ವಾಪಸು ಕೊಡು, ಇವತ್ತು ಸೊಸೆ ಚಕ್ಕುಲಿ ಮಾಡಿದ್ದಾಳೆ."

ತೇಗಿನ ದವಾಖಾನೆ

ಹಲ್ಲು ಸಾಕು, ಹೊಟ್ಟೆ ನೋಡೋಣ ಅಂದರು ಸಾಹೇಬರು. ನಮ್ಮ ಲ್ಯಾಬೊರೇಟರಿ ಪಕ್ಕದಲ್ಲೇ ಒಂದು ಬಿಲ್ಡಿಂಗ್ ಏಳುತ್ತಿತ್ತು. ಕೆಲಸಕ್ಕೆ ವಿಜಾಪುರ ಕಡೆಯ ಜನ. ನಾನು ಬಾಟಲಿ ಹಿಡಿದು ಗಾರೆ ಕೆಲಸದ ಹಿರಿಯ ಗೌಂಡಿಯೊಬ್ಬನ ಹತ್ತಿರ ಹೋದೆ.

"ಇದನ್ನ ಕುಡದ್ರ ಏನಾಗ್ತೈತ್ರೀ?" ಅಂದ.

"ಅದನ್ನ ನೀವೇ ಹೇಳ್ಬೇಕು."

"ಅಂದ್ರ ನಿಮಗೂ ಗೊತ್ತಿಲ್ಲ? ಭಾಳ ಓದೀರಿ ಬಿಡ್ರಿ!" ಎನ್ನುತ್ತ ಒಂದೇ ಏಟಿಗೆ ಬಾಟಲಿ ಎತ್ತಿದ. ಬಾಯಿ ಒರೆಸಿಕೊಂಡ. ಆಮೇಲೆ ತೇಗಿದ ನೋಡಿ, ಮೇಲೆ ಕಟ್ಟಿದ ಬೊಂಬಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. "ಎಪ್ಪಾ! ಎಷ್ಟ್ ದಿನದ ವಾಯು ಇತ್ತೋ ಏನೋ, ಹೊಂಟ್ ಹೋತ್ ನೋಡ್ರಿ! ಎಂಥಾ ಔಷಧ ಐತ್ರೀ ಇದು!"

ಮರುದಿನ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಸಾಲು. ಹೊಟ್ಟೆನೋವಿನವರು, ಅಜೀರ್ಣದವರು, ಸಾಹೇಬರಿಗೆ ನಾಡಿ ತೋರಿಸಲು ಕೈ ಚಾಚಿ ನಿಂತ ಮುದುಕಿ. ಬೋರ್ಡಿನಲ್ಲಿ ಡಾಕ್ಟರ್ ಅಂತ ಇತ್ತಲ್ಲ, ಅಷ್ಟು ಸಾಕಾಗಿತ್ತು. ಸಾಹೇಬರು ಹೊರಗೆ ಬಂದು, "ಇದು ಔಷಧ ಅಲ್ಲ, ವಿಷ! ಹೊಟ್ಟೆ ಕೆಡುತ್ತದೆ ಅಂತ ಹೇಳು ಇವರಿಗೆ!" ಎಂದು ಕೂಗಿದರು. ನಾನು ಹೇಳಿದೆ.

ಗೌಂಡಿ ಸಮಾಧಾನವಾಗಿ ಅಂದ: "ಸಾಹೇಬ್ರಿಗೆ ಹೇಳ್ರಿ, ವಿಷ ಅಂತ ಬೇಕಾದ್ರ ಬರಕೊಳ್ಳಲಿ, ನಾವು ಹೆಬ್ಬೆಟ್ಟು ಒತ್ತತೀವಿ. ಆದ್ರ ಬಾಟಲಿ ಕೊಡೂದು ನಿಲ್ಲಸಬ್ಯಾಡ್ರಿ."

ಖಡಕ್ ಎದೆಯುರಿ

ಇನ್ನು ಶಿಸ್ತಿನ ಜನ ಬೇಕು ಅಂದರು ಸಾಹೇಬರು. ಶಿಸ್ತು ಅಂದರೆ ಮಾಟುಂಗದ ಹೋಟೆಲಿನ ಸಪ್ಲಾಯರುಗಳು ಎಂದು ನಾನೇ ಸೂಚಿಸಿದೆ. ಆ ನೆಪದಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗಿಯನ್ನು, ಧನಿಗಳ ಮಗಳನ್ನು, ದಿನಾ ನೋಡಬಹುದು ಅನ್ನುವ ಆಸೆಯೂ ಇತ್ತೆನ್ನಿ. ಧನಿಗಳು, "ಹುಡುಗರು ಬಿಟ್ಟಿ ಥಂಡಾ ಕುಡಿಯುವುದಾದ್ರೆ ಕುಡೀಲಿ" ಎಂದು ಒಪ್ಪಿದರು.

ಸಾಹೇಬರ ಏರ್ಪಾಡು ಹೀಗೆ. ಅರ್ಧ ಜನಕ್ಕೆ ನಿಜವಾದ ಥಂಡಾ. ಉಳಿದರ್ಧ ಜನಕ್ಕೆ ಅಂಥದೇ ಬಾಟಲಿಯಲ್ಲಿ ಸಕ್ಕರೆಯಿಲ್ಲದ, ಗ್ಯಾಸ್ ಇಲ್ಲದ, ಬರೀ ಬಣ್ಣದ ನೀರು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡರೆ ಥಂಡಾ ಕೆಟ್ಟದ್ದೆಂದು ಸಾಬೀತು, ನಾನು ಪರ್ಮನೆಂಟ್. ಬೆಳಿಗ್ಗೆ ನಾನು ಒಬ್ಬೊಬ್ಬರ ಹೆಸರು ಬರೆದ ಬಾಟಲಿಗಳ ಪೆಟ್ಟಿಗೆ ಹೊತ್ತು, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಹೋಟೆಲಿಗೆ ಮುಟ್ಟಿಸಿ ಬರುವುದು. ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಕುಡಿಸುವ ಜವಾಬ್ದಾರಿ ಧನಿಗಳದ್ದು. ಸಂಜೆ ಪುನಃ ನಾನು ಹೋಗಿ ವಿಚಾರಿಸುವುದು.

ಮೊದಲ ಸಂಜೆಯೇ ಒಬ್ಬ ಸಪ್ಲಾಯರನನ್ನು ನಿಲ್ಲಿಸಿ, "ಹೊಟ್ಟೆಯಲ್ಲಿ ಏನೇನಾಯ್ತು, ಹೇಳಿ" ಅಂದೆ. ಅಭ್ಯಾಸಬಲ ನೋಡಿ, ಅವನು ಅಡುಗೆಮನೆ ಕಡೆ ತಿರುಗಿ ರಾಗವಾಗಿ ಕೂಗಿದ: "ಎರಡು ತೇಗೂ...! ಒಂದು ಹೊಟ್ಟೆಯುಬ್ಬರಾ...! ಎದೆಯುರಿ ಒಂದು, ಖಡಕ್...!"

ಒಳಗಿಂದ ಭಟ್ಟರು ತಲೆಯೆತ್ತದೆ ಉತ್ತರ ಕೊಟ್ಟರು: "ಎದೆಯುರಿ ಖಾಲಿ! ಬೇರೆ ಎಂತ ಬೇಕು ಕೇಳು!"

ಪಂಕ್ತಿಭೇದ

ಕೊನೆಗೆ ದೊಡ್ಡವರ ಕಮಿಟಿಯ ಮುಂದೆ ಸಾಹೇಬರು ಫಲಿತಾಂಶ ಓದುವ ದಿನ ಬಂತು. ಅಯ್ಯೋ, ಏನು ಹೇಳಲಿ! ಎರಡೂ ಗುಂಪು ಪಡಿಯಚ್ಚು. ಇವರು ತೇಗಿದಷ್ಟೇ ಅವರೂ ತೇಗಿದ್ದರು. ಇವರಿಗೆ ಹಸಿವು ಕಡಿಮೆಯಾದಷ್ಟೇ ಅವರಿಗೂ ಆಗಿತ್ತು. ಕಮಿಟಿಯ ಹಿರಿಯರೊಬ್ಬರು ಕನ್ನಡಕ ತೆಗೆದು, "ಹಾಗಾದರೆ ಡಾಕ್ಟರ್, ಬಣ್ಣದ ನೀರೂ ವಿಷ ಅನ್ನೋಣವೇ?" ಎಂದು ಕೇಳಿದರು. ಸಾಹೇಬರು, "ಅರೇ ದೇವಾ!" ಎನ್ನುತ್ತ ಕುರ್ಚಿಯಲ್ಲಿ ಕುಸಿದರು. ಪ್ರಯೋಗವನ್ನು ಮೊದಲಿನಿಂದ ಮಾಡಿ ಎಂದು ಅಪ್ಪಣೆಯಾಯಿತು. ಅಂದರೆ ನಾನು ಟೆಂಪರರಿಯಾಗಿಯೇ ಉಳಿದೆ.

ನನಗೆ ಅಳು ಬಂದದ್ದು ನಿಜ. ಅಲ್ಲಿಂದ ನೇರ ಮಾಟುಂಗಕ್ಕೆ ಹೋದೆ. ಧನಿಗಳು ಗಲ್ಲಾದ ಹತ್ತಿರ ಮಗಳ ಪಕ್ಕದಲ್ಲಿ ನಿಂತಿದ್ದರು.

"ಧನಿಗಳೇ, ನಿಜ ಹೇಳಿ, ಯಾರ ಬಾಟಲಿ ಅವರೇ ಕುಡಿದ್ರಾ?"

"ಅದು ಹೇಗೆ ಸಾಧ್ಯ?" ಧನಿಗಳಿಗೇ ಆಶ್ಚರ್ಯ. "ಮೊದಲ ದಿನವೇ ನಾನು ರುಚಿ ನೋಡಿದೆ. ಒಂದು ಸಿಹಿ, ಒಂದು ಸಪ್ಪೆ. ಒಬ್ಬನ ಎಲೆಗೆ ಪಾಯಸ, ಪಕ್ಕದವನ ಎಲೆಗೆ ತಿಳಿನೀರು ಬಡಿಸುವುದುಂಟಾ? ನನ್ನ ಹೋಟೆಲಲ್ಲಿ ಪಂಕ್ತಿಭೇದ ಇಲ್ಲ ಮಾರಾಯ್ರೆ! ಎಲ್ಲ ಬಾಟಲಿ ದೊಡ್ಡ ಪಾತ್ರೆಗೆ ಸುರಿದು, ಸೌಟಿನಲ್ಲಿ ಕಲಸಿ, ನಾನೇ ಕೈಯಾರೆ ಎಲ್ಲರಿಗೂ ಸಮ ಬಡಿಸಿದ್ದೇನೆ. ದಿನಾ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಿಮ್ಮ ಸೌಟಿನಿಂದ ನನ್ನ ಪರ್ಮನೆಂಟ್ ಹೋಯ್ತು ಧನಿಗಳೇ. ಪರ್ಮನೆಂಟ್ ಇಲ್ಲದೆ ಮಗಳನ್ನೂ ಕೊಡುವುದಿಲ್ಲ ಅಂತೀರಿ. ನಾನು ಎಂತ ಮಾಡ್ಲಿ?" ಅಂದೆ.

ಆಗ ಮಗಳು ಬಾಯಿ ತೆರೆದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಸ್ವಲ್ಪ ಎಡವಿ ಹಿಂದಿಗೆ ಜಾರುತ್ತಿತ್ತು. "ಪಪ್ಪಾ, ನಿಮ್ಮ ಹೋಟೆಲಲ್ಲಿ ಪಂಕ್ತಿಭೇದ ಇಲ್ಲ ನಾ? ಫಿರ್ ಪರ್ಮನೆಂಟ್ ಹುಡುಗ, ಟೆಂಪರರಿ ಹುಡುಗ ಅಂತ ಭೇದ ಯಾಕೆ?"

ಅಡುಗೆಮನೆಯಿಂದ ಭಟ್ಟರು, "ಹೌದಲ್ವಾ ಧನಿ!" ಅಂದರು. "ನೀವು ಸಾಂಬಾರು ನೋಡಿ ಭಟ್ರೇ!" ಎಂದು ಗದರಿದ ಧನಿಗಳು, ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. "ಸೋತೆ ಮಾರಾಯ್ರೆ. ಮುಹೂರ್ತ ನೋಡುವ." ಸಪ್ಲಾಯರುಗಳೆಲ್ಲ ಹೋ ಎಂದು ಕೂಗಿದರು.

"ಎಲ್ಲರಿಗೂ ಒಂದೊಂದು ಥಂಡಾ ಕೊಡಿ!" ಅಂದರು ಧನಿಗಳು. "ಇವರಿಗೊಬ್ಬರಿಗೆ ಬೇಡ. ಇವರಿಗೆ ಜೀರಿಗೆ ಕಷಾಯ."

"ನನಗ್ಯಾಕೆ ಬೇಡ? ಈಗ ಪಂಕ್ತಿಭೇದ ಆಗ್ಲಿಲ್ವಾ?" ಅಂದೆ.

ಧನಿಗಳು ನನ್ನ ಬೆನ್ನು ತಟ್ಟಿ ಹೇಳಿದರು: "ಥಂಡಾ ವಿಷ ಅಂತ ಊರಿಡೀ ಸಾರಿದ್ದು ನೀವೇ ಅಲ್ವಾ? ಅವರದ್ದೆಲ್ಲ ಒಂದು ದಿನದ ಖುಷಿ, ಕುಡೀಲಿ. ಅಳಿಯ ಅಂದ್ರೆ ಪರ್ಮನೆಂಟ್ ಮಾರಾಯ್ರೆ!"