ಒಳಗಿದ್ದ ಯಜಮಾನ

ಹೆಂಡತಿ ಕರೆದಾಗಲೆಲ್ಲ ಓಗೊಡುವುದಕ್ಕೆ ಸಂಬಳವಿದ್ದಿದ್ದರೆ ನಾನಿಷ್ಟರಲ್ಲಿ ದೊಡ್ಡ ಪಿಂಚಣಿದಾರನಾಗಿರುತ್ತಿದ್ದೆ. ರಿಪೇರಿ ಕೋಣೆಯ ಕದ ಹಾಕಿಕೊಂಡು ಯಾರದೋ ರೇಡಿಯೊದ ಕರುಳು ಬಿಚ್ಚಿ ಕೂತಿರುತ್ತೇನೆ. ಆಗಲೇ ಅಡುಗೆಮನೆಯಿಂದ ಕೂಗು. ಎದ್ದು ಹೋದರೆ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯಂತೆ. ಹೀಗೆ ದಿನಕ್ಕೆ ನಲವತ್ತು ಸಲ.

ನಮ್ಮ ಮಗಳ ಕಸುಬು ವಿಚಿತ್ರ. ಕಂಪ್ಯೂಟರಿನೊಳಗೆ ಏಜೆಂಟ್ ಎಂಬ ಕಾಣದ ಆಳು ಇರುತ್ತದಂತೆ. ಅದರ ಕೈಗೆ ಕೊಡುವ ಟೂಲುಗಳು ಏನು ಮಾಡುತ್ತವೆ, ಯಾವಾಗ ಬಳಸಬೇಕು, ಯಾವಾಗ ಬಳಸಲೇಬಾರದು ಎಂದು ಬಿಡಿಸಿ ಬರೆಯುವುದು ಅವಳ ಕೆಲಸ. ನಮ್ಮ ಮನೆಗೂ ಅಂಥದೊಂದು ಆಳನ್ನು ತಂದಿಟ್ಟು ಬಾಗಿಲು, ದೀಪ, ಪಂಪು ಎಲ್ಲ ಅದಕ್ಕೆ ಒಪ್ಪಿಸಿದಳು. ವಿವರಣೆ ನಾನೇ ಬರೆಯುತ್ತೇನೆಂದು ಪಟ್ಟು ಹಿಡಿದೆ. ಶಾಲೆಗೆ ಹೋದದ್ದು ನಾಲ್ಕೇ ವರ್ಷವಾದರೂ ನಲವತ್ತು ವರ್ಷ ಯಂತ್ರಗಳ ಬಾಯಿ ಬಿಡಿಸಿದವನು ನಾನು. ಮೀನಿಗೆ ಈಜು ಹೇಳಿಕೊಡಬೇಕೇ?

"ಅಪ್ಪಾ, ಅದಕ್ಕೆ ಕಣ್ಣಿಲ್ಲ. ನೀವು ಬರೆದಿದ್ದೇ ಅದರ ಕಣ್ಣು," ಎಂದಳು ಮಗಳು. "ಇಷ್ಟು ಗೊತ್ತಿರಲ್ವಾ ಅಂತ ಏನನ್ನೂ ಬಿಡಬೇಡಿ."

ನಾನು ಬಿಟ್ಟೆ, ಬೇಕೆಂದೇ ಬಿಟ್ಟೆ. ನನಗೆ ಕಸುಬು ಕಲಿಸಿದ ಮೇಸ್ತ್ರಿ ಕೊನೆಯ ತಂತಿಯನ್ನು ಯಾವಾಗಲೂ ಬೆನ್ನು ತಿರುಗಿಸಿಕೊಂಡೇ ಬೆಸೆಯುತ್ತಿದ್ದ. ವಿದ್ಯೆಯನ್ನೆಲ್ಲ ಬಡಿಸಿದ ಗುರು ಮರುದಿನ ಹಸಿದಿರಬೇಕು ಎನ್ನುತ್ತಿದ್ದ. ಅದೇ ಪಾಠದಂತೆ ಪ್ರತಿ ವಿವರಣೆಯ ಕೊನೆಯ ಸಾಲನ್ನು, ಯಾವಾಗ ಬಳಸಬಾರದು ಎಂಬುದನ್ನು, ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡೆ. ಬಾಗಿಲಿಗೆ, "ಹೊರಗಿನಿಂದ ಯಜಮಾನನ ದನಿ ಕೇಳಿದರೆ ತೆರೆಯುವುದು" ಎಂದಷ್ಟೇ ಬರೆದೆ.

ಆಮೇಲೆ ಯಾರಿಗೂ ಹೇಳದೆ ಇನ್ನೊಂದು ಟೂಲು ಸೇರಿಸಿದೆ. ಹೂಂ, ಬಂದೆ, ನೋಡ್ತೀನಿ ಎಂಬ ಮೂರು ಮಾತನ್ನು ನನ್ನ ದನಿಯಲ್ಲಿ ತುಂಬಿಸಿ, ರಿಪೇರಿ ಕೋಣೆಯಲ್ಲೊಂದು ಪೆಟ್ಟಿಗೆಯಿಟ್ಟು, "ಮನೆಯಾಕೆ ಮಾತಾಡಿದಾಗ ಯಜಮಾನನ ದನಿಯಲ್ಲಿ ಉತ್ತರ ಕೊಡುವುದು" ಎಂದು ಬರೆದೆ. ನಾಲ್ಕು ದಿನ ಸ್ವರ್ಗ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಬೆಸುಗೆ ತಂತಿ ತರಲು ಸದ್ದಿಲ್ಲದೆ ಹೊರಗೆ ಹೋದೆ. ತಿರುಗಿ ಬಂದು ಮೆಟ್ಟಿಲ ಮೇಲೆ ಕಾಲಿಟ್ಟಾಗ ಒಳಗೆ ನಾನು ಮಾತಾಡುತ್ತಿದ್ದೆ.

ತಾನಿಲ್ಲದ ಮನೆಯಲ್ಲಿ ತನ್ನ ದನಿ ಕೇಳಿದವನಿಗೇ ಗೊತ್ತು ಆ ಚಳಿ. ನಾನು ಹೊರಗೆ ಹೋಗಿಯೇ ಇಲ್ಲವೇನೋ, ಮೆಟ್ಟಿಲ ಮೇಲೆ ನಿಂತವನೇ ಇನ್ಯಾರೋ ಎನ್ನಿಸಿ, ಜೇಬಿನಲ್ಲಿದ್ದ ತಂತಿಯ ಸುರುಳಿಯನ್ನು ಮುಟ್ಟಿ ನೋಡಿಕೊಂಡೆ. ಕಿಟಕಿಯಿಂದ ಬಗ್ಗಿ ನೋಡಿದರೆ ಹೆಂಡತಿ ನನಗೆ ಬೆನ್ನು ಮಾಡಿ, ರಿಪೇರಿ ಕೋಣೆಯ ಮುಚ್ಚಿದ ಕದಕ್ಕೆ ಮುಖ ಮಾಡಿ ನಿಂತಿದ್ದಳು.

"ಮುಂದಿನ ವಾರ ಕಣ್ಣಿನ ಆಪರೇಷನ್ ಅಲ್ವಾ. ನನಗೆ ಹೆದರಿಕೆ ಆಗ್ತಿದೆ ಕಣ್ರೀ."

"ಹೂಂ," ಎಂದಿತು ಕದದಾಚೆಯ ನನ್ನ ದನಿ.

"ಕಣ್ಣು ಕಟ್ಟಿರುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತಾನೂ ಗೊತ್ತಾಗಲ್ಲ. ನೀವಿರ್ತೀರಾ?"

"ನೋಡ್ತೀನಿ."

ಒಂದು ನಿಮಿಷ ಹೊರಗೆ ಬರ್ತೀರಾ ಎಂದು ಕೇಳಿದಳು. ದನಿ "ಬಂದೆ" ಎಂದಿತು. ಕದ ತೆರೆಯಲಿಲ್ಲ. ಅವಳು ಇದೆಲ್ಲ ರೂಢಿಯೇ ಎಂಬಂತೆ ತಲೆಯಾಡಿಸಿಕೊಂಡು ನಿಂತಳು. ದನಿಗಿಂತ ಆ ತಲೆಯಾಟಕ್ಕೇ ನಾನು ಹೆಚ್ಚು ಹೆದರಿದೆ.

ಬಾಗಿಲು ತೆಗಿ ಎಂದೆ. ಯಜಮಾನರು ಒಳಗಿದ್ದಾರೆ, ಆದ್ದರಿಂದ ತಾವು ಅವರಲ್ಲ ಎಂದು ಬಾಗಿಲು ಬಹಳ ಮರ್ಯಾದೆಯಿಂದ ಉತ್ತರಿಸಿತು. (ತರ್ಕದಲ್ಲಿ ಕುಂದಿರಲಿಲ್ಲ. ನನ್ನ ಶಿಷ್ಯನಲ್ಲವೇ.)

ಹೆಂಡತಿ ತಿರುಗದೆಯೇ ಕದವನ್ನು ಕೇಳಿದಳು. "ರೀ, ಹೊರಗೆ ಯಾರೋ ನಿಮ್ಮ ಹಾಗೇ ಮಾತಾಡ್ತಿದ್ದಾರೆ. ಒಳಗೆ ಬಿಡ್ಲಾ?"

"ನೋಡ್ತೀನಿ," ಎಂದೆ. ಅಂದರೆ, ಒಳಗಿನ ನಾನು.

ಆಗ ಕೂಗಿಕೊಂಡೆ. ಅವಳು ತಿರುಗಿ ನನ್ನನ್ನು ನೋಡಿದಳು, ಕದವನ್ನು ನೋಡಿದಳು, ಹೋಗಿ ಕದ ತಳ್ಳಿದಳು. ಖಾಲಿ ಕುರ್ಚಿ, ಕೆಂಪು ದೀಪದ ಪೆಟ್ಟಿಗೆ. ಕಿಟಕಿಗೆ ಬಂದವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಬದುಕುತ್ತಿದ್ದೆ. ಎಲ್ಲವನ್ನೂ ಒಪ್ಪಿಕೊಂಡೆ.

"ಐದು ದಿನ ನನಗೆ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ," ಎಂದಳು. "ಮೂವತ್ತೈದು ವರ್ಷದಿಂದ ನೀವು ಹೇಳಿದ್ದೂ ಇದೇ ಮೂರು ಮಾತು."

ಹೊರಬಾಗಿಲ ಚಿಲಕ ಅವಳ ಕೈಗೆಟುಕುವಷ್ಟೇ ದೂರದಲ್ಲಿತ್ತು. ತೆಗೆಯಲಿಲ್ಲ. ನಾನು ಅದನ್ನೆಲ್ಲ ಬರೆದಿಟ್ಟಿದ್ದ ಟ್ಯಾಬ್ಲೆಟ್ ತಂದು ಕಿಟಕಿಯ ಪಕ್ಕ ಕೂತು, ದನಿಯ ಟೂಲಿನ ವಿವರಣೆ ಓದಿ, ಯಾವಾಗ ಬಳಸಬಾರದು ಹೇಳಿ ಎಂದಳು. ಯಜಮಾನ ಹೊರಗಿದ್ದಾಗ ಎಂದೆ. ಸಾಲದು ಎಂದಳು. ಮನೆಯಾಕೆ ಕಷ್ಟ ಹೇಳಿಕೊಳ್ಳುವಾಗ ಎಂದೆ. ಅದನ್ನೂ ಬರೆದಳು.

"ಆಸ್ಪತ್ರೇಲಿ ನನ್ನ ಪಕ್ಕ ಕೂರೋದು ನೀವೇ, ಈ ಪೆಟ್ಟಿಗೆ ಅಲ್ಲ. ಬರೀಲಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪೆಟ್ಟಿಗೆ "ಹೂಂ" ಎಂದಿತು.

"ಅದು ಒಪ್ಪಿಯಾಯ್ತು. ನೀವು?"

ಮೂರು ಮಾತು ಬಿಟ್ಟು ನಾಲ್ಕನೆಯದನ್ನು ಹುಡುಕಿ, ನಾಚಿಕೊಂಡು, ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲ ಎಂದಳು. (ಅವಳಿಗೆ ತೊಂದರೆಯಿದ್ದದ್ದು ಕಣ್ಣಿಗೆ, ಕಿವಿಗಲ್ಲ.) ಕೊನೆಗೆ ಕಿಟಕಿಯ ಸರಳು ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದೆ: "ನಾನೇ ಬರ್ತೀನಿ. ಕಟ್ಟು ಬಿಚ್ಚೋವರೆಗೂ ನಿನ್ನ ಕೈ ಹಿಡ್ಕೊಂಡು ಕೂತಿರ್ತೀನಿ."

ಎದುರುಮನೆ ದರ್ಜಿಯ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಒಂದೊಂದೇ ಅಕ್ಷರ ಒತ್ತಿ ಸಾಲು ಮುಗಿಸಿ, ಬರೆದದ್ದನ್ನೆಲ್ಲ ಸೇವ್ ಮಾಡಿದಳು. ಪೆಟ್ಟಿಗೆಯ ಕೆಂಪು ದೀಪ ಆರಿತು; ಒಳಗಿನ ಯಜಮಾನ ಇಲ್ಲವಾದ್ದರಿಂದ ಬಾಗಿಲು ಹೊರಗಿನವನಿಗೆ ತಾನಾಗಿ ತೆರೆದುಕೊಂಡಿತು.

ಒಳಗೆ ಕಾಲಿಡುತ್ತಿದ್ದಂತೆ ದರ್ಜಿ, ಆಪರೇಷನ್ ಯಾವ ದಿನ ಯಜಮಾನ್ರೇ ಎಂದು ಕೇಳಿದ. ದಿನ ಯಾವುದೆಂದು ಗೊತ್ತಿಲ್ಲದೆ ನಾನು ಹೆಂಡತಿಯ ಮುಖ ನೋಡಿದೆ. ಅವಳು ಇನ್ನೂ ತೆರೆದೇ ಇದ್ದ ಬಾಗಿಲನ್ನು ನೋಡಿದಳು.