ಟೀಪಾಟಿಗೊಂದು ಕುಲಾವಿ

ಹುಟ್ಟಿದ ಊರು ಮೊದಲಿನಂತಿಲ್ಲ ಎಂದು ಕೊರಗುವವರನ್ನು ನೀವೆಲ್ಲ ಕಂಡೇ ಇರುತ್ತೀರಿ. ಒಮ್ಮೆಯೂ ಕಾಲಿಡದ ಊರು ಮೊದಲಿನಂತಿಲ್ಲ ಎಂದು ಕೊರಗುವವಳನ್ನು ನೋಡಬೇಕಾದರೆ ಮಾತ್ರ ಅಮೆರಿಕದ ಪ್ಲೇನ್‌ಫೀಲ್ಡಿನ ನಮ್ಮ ಮನೆಗೇ ಬರಬೇಕು. ನಾನು ಇಂಗ್ಲೆಂಡನ್ನು ನೋಡಿಲ್ಲ. ಮೈಸೂರಿಗೆ ಹೋಗುವ ದಾರಿಯಲ್ಲಿ ಒಮ್ಮೆ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂತದ್ದುಂಟು. ಅಲ್ಲಿ ಕಾಗದದ ಲೋಟದಲ್ಲಿ, ದಾರ ನೇತಾಡುವ ಚೀಲದ ಟೀ ಕೈಗೆ ಬಂದಾಗ, "ಅಯ್ಯೋ, ಇಂಗ್ಲೆಂಡು ಹೀಗಾಗಿಹೋಯಿತೇ!" ಎಂದು ಕಣ್ಣು ತುಂಬಿಕೊಂಡೆ. ಪಕ್ಕದಲ್ಲಿ ನಮ್ಮವರು ನಾಲ್ಕನೆಯ ಸಲ ಪಾಸ್‌ಪೋರ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಯಾರಿಗೇನಾಯ್ತೇ? ಫೋನ್ ಬಂತಾ?" ಎಂದು ಗಾಬರಿಯಾದರು. ಒಂದು ಇಡೀ ದೇಶಕ್ಕೇ ಆಗಿದೆ ಎಂದು ಹೇಗೆ ಹೇಳಲಿ?

ಇದಕ್ಕೆಲ್ಲ ಮೂಲ ಸಿಸ್ಟರ್ ವಿನಿಫ್ರೆಡ್. ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷನ್ನೂ ಹೊಲಿಗೆಯನ್ನೂ ಕಲಿಸುತ್ತಿದ್ದವರು. ಇಪ್ಪತ್ತಮೂರನೆಯ ವಯಸ್ಸಿಗೆ ಇಂಗ್ಲೆಂಡಿನಲ್ಲಿ ಹಡಗು ಹತ್ತಿ ಬಂದವರು ಮತ್ತೆ ತಿರುಗಿ ಹೋಗಲೇ ಇಲ್ಲ. ಪ್ರತಿ ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ ಅವರು ನಮಗೆ ನಡೆನುಡಿ ಕಲಿಸುತ್ತಿದ್ದರು. ಹೇಗೆ ಕೂರಬೇಕು, ಹೇಗೆ ಏಳಬೇಕು, ಮನೆಗೆ ಬಂದವರಿಗೆ ಟೀ ಹೇಗೆ ಬಗ್ಗಿಸಬೇಕು ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಟೀಪಾಟು ಮಾತ್ರ ಖಾಲಿ. ಎರಡು ಜಡೆಯ ನಲವತ್ತು ಹುಡುಗಿಯರು ಸರದಿಯಲ್ಲಿ ಖಾಲಿ ಪಾಟಿನಿಂದ ಖಾಲಿ ಬಟ್ಟಲಿಗೆ ಟೀ ಬಗ್ಗಿಸಿ, ಇಲ್ಲದ ಸಕ್ಕರೆಯನ್ನು ಒಂದೋ ಎರಡೋ ಎಂದು ಕೇಳಿ, ಸದ್ದಿಲ್ಲದೆ ಗಾಳಿ ಕಲಕಿ, ಇಲ್ಲದ ಟೀಯನ್ನು "ಬಹಳ ಸೊಗಸಾಗಿದೆ" ಎಂದು ಹೊಗಳುತ್ತಿದ್ದೆವು. ಮನೆಯಲ್ಲಿ ಲೋಟ-ಬಟ್ಟಲಿನಲ್ಲಿ ಕಾಫಿ ಆರಿಸುತ್ತಿದ್ದ ನಮ್ಮಜ್ಜಿ ಇದನ್ನು ಕೇಳಿ, "ಖಾಲಿ ಪಾತ್ರೆ ಬಗ್ಗಿಸೋಕೆ ಸ್ಕೂಲಿಗ್ಯಾಕೆ ಹೋಗ್ಬೇಕೇ, ನಮ್ಮನೇಲೇ ಬೇಕಾದಷ್ಟಿವೆ" ಎಂದಿದ್ದರು. ಅಜ್ಜಿಗೆ ತಿಳಿಯಲಿಲ್ಲ. ನನಗೆ ಆ ಗಾಳಿಯೊಳಗೇ ಒಂದು ದೇಶ ಕಾಣುತ್ತಿತ್ತು. ಅಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು, ಸ್ಯಾಂಡ್‌ವಿಚ್ಚಿನ ಸೌತೆಕಾಯಿಯನ್ನು ಅದರ ಮೂಲಕ ಪೇಪರು ಓದುವಷ್ಟು ತೆಳ್ಳಗೆ ಹೆಚ್ಚುತ್ತಿದ್ದರು, ಉಪಕಾರ ಮಾಡಿದವರಿಗೆ ಮೂರು ದಿನದೊಳಗೆ ಕಾಗದ ಬರೆಯುತ್ತಿದ್ದರು. ಬರೆದದ್ದು ನಿಜವಾಗಿರಬೇಕು, ಅದೂ ಒಂದು ನಿಯಮ. "ದುಂಡಗೆ ಬರೆದರೂ ಸುಳ್ಳು ಸುಳ್ಳೇ, ಹುಡುಗಿಯರೇ" ಎನ್ನುತ್ತಿದ್ದರು ಸಿಸ್ಟರ್.

ಏಳನೆಯ ತರಗತಿಯಲ್ಲಿ ಅವರ ಕಣ್ಣೆದುರಿಗೇ ನಾನೊಂದು ಟೀಪಾಟಿನ ಕುಲಾವಿ ಹೆಣೆದೆ. ಹಸಿರು ಉಲ್ಲನ್ನಿನದು, ನೆತ್ತಿಯ ಮೇಲೊಂದು ಹಳದಿ ಗೊಂಡೆ, ಮೂತಿಗೊಂದು ಹಿಡಿಗೊಂದು ಎಂದು ಎರಡು ಕಂಡಿ. ಮಗುವಿನ ತಲೆಗೆ ಕುಲಾವಿಯಂತೆ ಅದನ್ನು ಪಾಟಿಗೆ ತೊಡಿಸಿದರೆ ಟೀ ಬಿಸಿಯಾಗಿರುತ್ತದೆ. ಮದುವೆಯಾದಾಗ ಬೇರೆ ಏನೇನೋ ಮರೆತು ಬಂದೆ, ಇದನ್ನು ಮರೆಯಲಿಲ್ಲ. ಮೊದಲು ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿನಲ್ಲಿ ಹನ್ನೊಂದು ವರ್ಷವಿದ್ದೆವು. ಅಲ್ಲಿನ ಮೊದಲ ಚಳಿಗಾಲದಲ್ಲಿ ನಮ್ಮವರು ಕತ್ತಲಿರುವಾಗಲೇ ಎದ್ದು, ಕೈಗೆ ಸಿಕ್ಕಿದ್ದನ್ನು ತಲೆಗೆ ಹಾಕಿಕೊಂಡು ಡ್ರೈವ್‌ವೇಯ ಹಿಮ ಎತ್ತಲು ಹೋದರು. ಅರ್ಧ ಗಂಟೆಯಾದ ಮೇಲೆ ಒಳಗೆ ಬಂದು, "ಟೋಪಿ ಬೆಚ್ಚಗಿದೆ ಕಣೇ, ಆದ್ರೆ ಸರಿಯಾಗಿ ಕಿವಿ ಹತ್ರಾನೇ ತೂತು ಬಿಟ್ಟಿದಾರಲ್ಲ, ಯಾವ ಕಂಪನೀದು ಇದು?" ಎಂದರು. ಅಂದಿನಿಂದ ಕುಲಾವಿಯನ್ನು ಬೀಗ ಹಾಕುವ ಬೀರುವಿನಲ್ಲಿಟ್ಟಿದ್ದೇನೆ.

ಸಿಸ್ಟರ್ ಈಗಲೂ ಇದ್ದಾರೆ. ತೊಂಬತ್ತು ದಾಟಿದೆ, ಮೈಸೂರಿನಲ್ಲೇ ವಯಸ್ಸಾದ ಸಿಸ್ಟರುಗಳ ಮನೆಯಲ್ಲಿದ್ದಾರೆ. ವರ್ಷಕ್ಕೆ ಮೂರೋ ನಾಲ್ಕೋ ಕಾಗದ ನಮ್ಮಿಬ್ಬರ ನಡುವೆ ಓಡಾಡುತ್ತವೆ. ಹೋದ ವರ್ಷ ನವೆಂಬರ್ ತಿಂಗಳಲ್ಲಿ ನಮ್ಮ ಪಕ್ಕದ ಮನೆಗೆ ಇಂಗ್ಲೆಂಡಿನಿಂದಲೇ ಒಂದು ಸಂಸಾರ ಬಂತೆಂದು ತಿಳಿದಾಗ ಅವರಿಗೆ ನಾಲ್ಕು ಪುಟ ಬರೆದೆ. ಅವರ ಉತ್ತರ ಚಿಕ್ಕದು, ಅಕ್ಷರ ದೊಡ್ಡದು. "ಕಣ್ಣು ಮಂದವಾಗಿದೆ, ದಪ್ಪಗೆ ಬರಿ. ಆಕೆ ಹೇಗಿದ್ದಾಳೆ, ಹೇಗೆ ಮಾತಾಡುತ್ತಾಳೆ, ಟೀ ಹೇಗೆ ಮಾಡುತ್ತಾಳೆ, ಎಲ್ಲ ಬೇಕು. ಊರು ಬಿಟ್ಟು ಬಂದವಳು ನಾನು, ಇನ್ನೊಮ್ಮೆ ನೋಡುವ ಹಾಗಿಲ್ಲ. ನಿನ್ನ ಕಣ್ಣಿನಿಂದ ಒಮ್ಮೆ ನೋಡಿಬಿಡುತ್ತೇನೆ." ಇದನ್ನು ಓದಿದ ಮೇಲೆ ನನ್ನ ಜವಾಬ್ದಾರಿ ಸಣ್ಣದಾಗಿ ಉಳಿಯಲಿಲ್ಲ. ತೊಂಬತ್ತರ ಜೀವಕ್ಕೆ ಇಂಗ್ಲೆಂಡನ್ನು ತಲುಪಿಸಬೇಕಿತ್ತು.

ಇಂಗ್ಲೆಂಡಿನ ಹೆಸರು ಜೆಮ್ಮಾ. ಮೊದಲ ದರ್ಶನವಾದಾಗ ಆಕೆ ಬೆಣ್ಣೆಹಣ್ಣಿನ ಚಿತ್ರಗಳಿದ್ದ ಪೈಜಾಮದಲ್ಲಿ, ಬಕೆಟ್ಟಿನಷ್ಟು ದೊಡ್ಡ ಪ್ಲಾಸ್ಟಿಕ್ ಲೋಟದಿಂದ ಐಸು ಲಟಲಟ ಎನ್ನುವ ಕಾಫಿ ಹೀರುತ್ತ ಕಸದ ಡಬ್ಬಿಯನ್ನು ಕಾಲಿನಿಂದ ನೂಕುತ್ತಿದ್ದಳು. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟು, ಅಂದರೆ ಬೆರಳು ಮರಗಟ್ಟುವ ಚಳಿ. "ಹಾಯ್ ಲವ್!" ಎಂದು ಇಡೀ ಬಡಾವಣೆಗೆ ಕೇಳುವಂತೆ ಕೂಗಿದಳು. ನಾನು ಕಾಲು ಜೋಡಿಸಿ ನಿಂತು, ನಲವತ್ತು ವರ್ಷದಿಂದ ಕಾದಿಟ್ಟ "ಹೌ ಡು ಯೂ ಡೂ" ಒಪ್ಪಿಸುವಷ್ಟರಲ್ಲಿ ಗ್ಯಾರೇಜಿನ ಬಾಗಿಲು ಕೆಳಗಿಳಿದಿತ್ತು.

ಧೈರ್ಯಗೆಡಲಿಲ್ಲ. ಬೀದಿಯಲ್ಲಿ ಸಿಕ್ಕಿದ್ದು ಲೆಕ್ಕಕ್ಕಿಲ್ಲ, ಸರಿಯಾದ ಕ್ರಮದಲ್ಲಿ ಟೀಗೆ ಕರೆಯಬೇಕು ಎಂದುಕೊಂಡೆ. ಕೆನೆ ಬಣ್ಣದ ದಪ್ಪ ಕಾಗದ ತಂದು, ಶಾಯಿ ಪೆನ್ನಿನಲ್ಲಿ, ಸಿಸ್ಟರ್ ತಿದ್ದಿಸಿದ ಓರೆ ಅಕ್ಷರದಲ್ಲಿ, ಬರುವ ಗುರುವಾರ ಸಂಜೆ ನಾಲ್ಕಕ್ಕೆ ಟೀಗೆ ಬಂದರೆ ಸಂತೋಷವಾದೀತು ಎಂದು ಬರೆದೆ. ಈ ದೇಶದಲ್ಲಿ ಸ್ಟಾಂಪಿಲ್ಲದ ಕಾಗದವನ್ನು ಬೇರೆಯವರ ಅಂಚೆಪೆಟ್ಟಿಗೆಗೆ ಹಾಕಬಾರದಲ್ಲ, ಅದಕ್ಕೆ ಸ್ಟಾಂಪು ಹಚ್ಚಿ ಪೋಸ್ಟು ಮಾಡಿದೆ. "ಕಿಟಕಿ ತೆಗೆದು ಕೈ ಚಾಚಿದ್ರೆ ಸಿಗೋ ಮನೆಗೆ ಪೋಸ್ಟಾ? ಅದು ಊರೆಲ್ಲಾ ಸುತ್ಕೊಂಡು ಬರೋದ್ರೊಳಗೆ ಅವರು ಮನೆ ಮಾರಿಕೊಂಡು ಹೋಗಿರ್ತಾರೆ" ಎಂದು ನಮ್ಮವರು ನಕ್ಕರು. ನಗಲಿ. ಇಪ್ಪತ್ತು ಹೆಜ್ಜೆಯ ದಾರಿಗೆ ಆ ಕಾಗದ ಮೂರು ದಿನ ತೆಗೆದುಕೊಂಡರೂ ಘನತೆಯಿಂದ ಹೋಯಿತು.

ಗುರುವಾರ ಬಂತು. ಬ್ರೆಡ್ಡಿನ ಅಂಚು ಕತ್ತರಿಸಿದೆ, ಪೇಪರು ಓದುವಂತೆ ಸೌತೆಕಾಯಿ ಹೆಚ್ಚಿದೆ, ಹೂವಿನ ಬಟ್ಟಲು ತೊಳೆದೆ, ಬೀರು ತೆಗೆದು ಕುಲಾವಿ ಇಳಿಸಿದೆ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಐದಕ್ಕೆ ಜೆಮ್ಮಾ ಕಾರು ತೆಗೆದುಕೊಂಡು ನನ್ನ ಕಿಟಕಿಯ ಮುಂದೆಯೇ, ಕೈ ಬೀಸುತ್ತ, ಎಲ್ಲಿಗೋ ಹೋದಳು! ಕರೆದವರಿಗೆ ಬರುವುದಿಲ್ಲವೆಂದೂ ತಿಳಿಸದ ಇಂಗ್ಲೆಂಡು! ಆ ಸಂಜೆ ನಮ್ಮವರು ಹದಿನಾರು ಸೌತೆಕಾಯಿ ಸ್ಯಾಂಡ್‌ವಿಚ್ಚನ್ನು ಮಾವಿನ ಉಪ್ಪಿನಕಾಯಿಯೊಂದಿಗೆ ಮುಗಿಸಿ, "ಪಾಪ, ಅವಳು ಬರದಿದ್ದದ್ದೇ ಒಳ್ಳೇದಾಯ್ತು" ಎಂದರು. ಕತ್ತರಿಸಿದ ಅಂಚುಗಳು ಮರುದಿನ ಬ್ರೆಡ್ ಉಪ್ಪಿಟ್ಟಾದವು.

ಮರುದಿನ ಬೆಳಿಗ್ಗೆ ಅಂಚೆಪೆಟ್ಟಿಗೆಯ ಹತ್ತಿರ ಸಿಕ್ಕಿದಾಗ, ಸಿಸ್ಟರ್ ಕಲಿಸಿದ ಅತ್ಯಂತ ಮೆತ್ತನೆಯ ದನಿಯಲ್ಲಿ, ನನ್ನ ಕಾಗದ ತಲುಪಲಿಲ್ಲವೇನೋ ಎಂದು ವಿಚಾರಿಸಿದೆ. ಜೆಮ್ಮಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ, ಅದು ನೀನಾ? ಕಿಟಕಿ ರಿಪೇರಿಯವರ ಜಾಹೀರಾತು ಅಂದ್ಕೊಂಡೆ! ಇಲ್ಲಿ ಅವರೇ ತಾನೇ ಅಂಥ ದಪ್ಪ ಕಾಗದದಲ್ಲಿ ಬರೆಯೋದು? ಆ ಅಕ್ಷರ ಎಷ್ಟು ಚೆನ್ನಾಗಿತ್ತು ಅಂದರೆ ಮೆಷಿನ್ನೇ ಬರೆದಿರಬೇಕು ಅಂತ ನೇರ ರೀಸೈಕಲ್ ಡಬ್ಬಿಗೆ ಹಾಕಿದೆ." ಹಾಗೆಂದವಳು ಅಲ್ಲೇ ನನ್ನನ್ನು ಅಪ್ಪಿಕೊಂಡು, "ಈಗ ಬರ್ಲಾ? ಈಗ್ಲೇ ಬರ್ತೀನಿ" ಎಂದು, ನನ್ನ ಉತ್ತರಕ್ಕೂ ಕಾಯದೆ, ನನಗಿಂತ ಮೊದಲೇ ನಮ್ಮ ಅಡುಗೆಮನೆ ಸೇರಿದ್ದಳು.

ಮುಂದಿನದ್ದನ್ನು ಹೇಗೆ ಬರೆಯಲಿ? ನಾನು ಟೀಪಾಟು ಬೆಚ್ಚಗೆ ಮಾಡಲು ಬಿಸಿನೀರು ಹುಡುಕುತ್ತಿದ್ದಾಗ ಆಕೆ, "ನೀನು ಸುಮ್ನಿರು ಲವ್, ನಾನು ಮಾಡ್ತೀನಿ" ಎಂದು ಎರಡು ಮಗ್ಗಿಗೆ ನಲ್ಲಿ ನೀರು ಹಿಡಿದು, ಟೀ ಚೀಲ ಅದರೊಳಗೆ ಎಸೆದು, ಮೈಕ್ರೋವೇವಿನೊಳಗಿಟ್ಟು, ಎರಡು ನಿಮಿಷ ಒತ್ತಿದಳು. ಗಾಜಿನ ಹಿಂದೆ ಎರಡು ಮಗ್ಗು ನಿಧಾನವಾಗಿ ಸುತ್ತುತ್ತಿದ್ದವು. ನಾನು ಕಣ್ಣು ಮುಚ್ಚಿಕೊಂಡು ಸಿಸ್ಟರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು ಆಕೆ ಊರಿನ ಸುದ್ದಿ ಹೇಳಿದಳು. ಅವರ ಪೇಟೆ ಬೀದಿಯಲ್ಲಿ ಅರ್ಧ ಅಂಗಡಿಗಳಿಗೆ ಹಲಗೆ ಬಡಿದಿದೆಯಂತೆ. ಲೈಬ್ರರಿ ಇದ್ದಲ್ಲಿ ಜಿಮ್ಮು ಬಂದಿದೆಯಂತೆ. ರೈಲಿನಲ್ಲಿ ಎಲ್ಲರೂ ಫೋನಿನ ಸ್ಪೀಕರು ಹಾಕಿಕೊಂಡು ಜಗಳವಾಡುತ್ತಾರಂತೆ. ಉಪಕಾರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರೆ ಮುಗಿಯಿತಂತೆ. "ಕ್ಯೂ?" ಎಂದು ಕೊನೆಯ ಆಸೆಯಿಂದ ಕೇಳಿದೆ. "ನಮ್ಮ ತಮ್ಮನೇ ನುಗ್ಗುತ್ತಾನೆ" ಎಂದು ನಕ್ಕಳು. ನಾನು ಆಕೆಯ ಕೈ ಒತ್ತಿದೆ, ಸಾವಿನ ಮನೆಯಲ್ಲಿ ಒತ್ತುವಂತೆ. "ನಾನು ನಗ್ತಿದೀನಿ, ನೀನ್ಯಾಕೆ ಅಳ್ತೀಯಾ?" ಎಂದು ಆಕೆ ಕಕ್ಕಾಬಿಕ್ಕಿಯಾದಳು.

ಆಗಲೇ ಆಕೆಯ ಕಣ್ಣು ಮೇಜಿನ ಮೇಲಿದ್ದ ಕುಲಾವಿಯ ಮೇಲೆ ಬಿತ್ತು. ಎತ್ತಿಕೊಂಡು, ಗೊಂಡೆಯನ್ನು ಬೆರಳಿನಿಂದ ತಿರುಗಿಸಿ, "ನಮ್ಮಜ್ಜಿ ಹತ್ರ ಇಂಥದ್ದಿತ್ತು, ಕೋಳಿ ಥರದ್ದು. ಅಜ್ಜಿ ಹೋದ ಮೇಲೆ ಮನೆ ಖಾಲಿ ಮಾಡುವಾಗ ಚೀಲಕ್ಕೆ ತುಂಬಿ ಎಸೆದುಬಿಟ್ಟೆ" ಎಂದಳು. ಆ ಗಟ್ಟಿ ದನಿ ಎಲ್ಲಿ ಹೋಯಿತೋ. ಕುಲಾವಿಯನ್ನು ಕೆಳಗಿಡದೆಯೇ, "ಸರಿಯಾಗಿ ಟೀ ಮಾಡೋದು ಹೇಗೆ ಅಂತ ನನಗೆ ಹೇಳಿಕೊಡ್ತೀಯಾ?" ಎಂದು ಕೇಳಿದಳು. "ನಾನು, ನಿನಗೇ?" ಎಂದೆ. "ಮತ್ಯಾರು ಹೇಳಿಕೊಡ್ತಾರೆ? ಅಮ್ಮನಿಗೆ ಫ್ಯಾಕ್ಟರಿ ಪಾಳಿ ಬಿಟ್ಟು ಬಿಡುವಿರಲಿಲ್ಲ" ಎಂದಳು. ಅಂದಿನಿಂದ ಪ್ರತಿ ಗುರುವಾರ ನಾಲ್ಕಕ್ಕೆ ಪಾಠ ಶುರುವಾಯಿತು.

ಪಾಠ ಸರಿ, ಆದರೆ ಸಿಸ್ಟರಿಗೆ ಬರೆಯುವುದು ಏನು? ನಮ್ಮವರ ಸಲಹೆ ಸುಲಭವಾಗಿತ್ತು. "ಎಲ್ಲಾ ಹಾಗೇ ಇದೆ, ಏನೂ ಬದಲಾಗಿಲ್ಲ ಅಂತ ಬರೆದ್ಬಿಡೇ. ವಯಸ್ಸಾದೋರು, ಖುಷಿಯಾಗಿರ್ಲಿ." ಮಿಶಿಗನ್ನಿನಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ, "ಅಮ್ಮಾ, ದಿಸ್ ಹೋಲ್ ಥಿಂಗ್ ಈಸ್ ಸೋ ಕಲೋನಿಯಲ್. ಜಸ್ಟ್ ಟೆಲ್ ಹರ್ ದ ಟ್ರೂತ್" ಎಂದಳು. ಕಲೋನಿಯಲ್ ಎಂದದ್ದಕ್ಕೆ ಎರಡು ದಿನ ಬೇಜಾರಾಗಿತ್ತು. ಆದರೂ ನಿಜ ಹೇಳು ಎಂಬ ಮಾತು ಹುಡುಗಿ ಎಲ್ಲಿಂದಲೋ ಸಿಸ್ಟರಿಂದಲೇ ಕಲಿತಂತಿತ್ತು. ಎರಡು ಕಾಗದ ಬರೆದೆ. ಒಂದರಲ್ಲಿ ಜೆಮ್ಮಾ ಮುತ್ತಿನ ಸರ ಹಾಕಿಕೊಂಡಿದ್ದಳು, ಗುಲಾಬಿ ಗಿಡ ಕತ್ತರಿಸುತ್ತಿದ್ದಳು. ಇನ್ನೊಂದರಲ್ಲಿ ಪೈಜಾಮ, ಐಸು ಕಾಫಿ, ಹಲಗೆ ಬಡಿದ ಅಂಗಡಿ, ಮೈಕ್ರೋವೇವು, ಕೋಳಿಯ ಕುಲಾವಿ, ಎಲ್ಲ ಇತ್ತು. ಮೊದಲನೆಯದರಲ್ಲಿ ನನ್ನ ಅಕ್ಷರ ಬಹಳ ದುಂಡಗೆ ಬಂದಿತ್ತು, ಅದಕ್ಕೇ ಹರಿದೆ. ಎರಡನೆಯದನ್ನು ಪೋಸ್ಟು ಮಾಡಿ ಬಂದ ಕ್ಷಣದಿಂದ ಉತ್ತರಕ್ಕೆ ದಿನ ಎಣಿಸಲು ಶುರುಮಾಡಿದೆ. ಮೂರು ವಾರವಾಯಿತು, ಐದಾಯಿತು, ಏಳಾಯಿತು. ಯಾವತ್ತೂ ಇಷ್ಟು ತಡ ಮಾಡಿದವರಲ್ಲ. ತೊಂಬತ್ತು ದಾಟಿದ ಹೃದಯವನ್ನು ಒಂದು ಮೈಕ್ರೋವೇವಿನಿಂದ ಒಡೆದೆನೆಂದು ನನಗೆ ಖಾತ್ರಿಯಾಯಿತು.

ಹೋದ ಗುರುವಾರ, ಪಾಠಕ್ಕೆಂದು ಟೀ ಸ್ವಲ್ಪ ಬೇಗನೇ ಮಾಡಿಟ್ಟು ಅಂಚೆ ನೋಡಲು ಹೋದರೆ, ಅದೇ ಓರೆ ಅಕ್ಷರದ ಲಕೋಟೆ ಬಂದಿತ್ತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ನನ್ನ ಮುದ್ದು ಹುಡುಗಿ, ಕೈಗೆ ಪೆಟ್ಟಾಗಿ ಪಟ್ಟಿ ಕಟ್ಟಿದ್ದರು, ಅದಕ್ಕೇ ತಡ. ನಿನ್ನ ಕಾಗದಕ್ಕೆ ನಾನು ನಕ್ಕ ನಗುವಿಗೆ ನರ್ಸು ಓಡಿಬಂದಳು. ನಿನ್ನ ಜೆಮ್ಮಾ ಥೇಟು ನನ್ನಮ್ಮ! ನಮ್ಮದು ಗಣಿ ಕೆಲಸದವರ ಸಾಲುಮನೆ. ಬೀದಿಯ ಆ ತುದಿಗೆ ಕೇಳುವಂತೆ ಅಮ್ಮ ಕೂಗುತ್ತಿದ್ದಳು. ಅಪ್ಪ ಟೀಯನ್ನು ಸಾಸರಿಗೆ ಬಗ್ಗಿಸಿ ಸೊರ್ರೆಂದು ಹೀರುತ್ತಿದ್ದ. ಸೌತೆಕಾಯಿಯ ಸ್ಯಾಂಡ್‌ವಿಚ್ಚನ್ನು ನಾನು ಮೊದಲು ಕಂಡಿದ್ದು ಮೈಸೂರಿನಲ್ಲಿ, ನಮ್ಮ ಮಂಗಳೂರಿನ ಸಿಸ್ಟರ್ ಲೂಸಿ ಮಾಡಿದ್ದು. ಇಂಗ್ಲೆಂಡಿನವಳು ಎಂದು ನಡೆನುಡಿಯ ಪೀರಿಯಡ್ಡನ್ನು ನನ್ನ ತಲೆಗೆ ಕಟ್ಟಿದರು. ಬುಧವಾರ ಲೂಸಿ ಹೇಳಿಕೊಟ್ಟದ್ದನ್ನೇ ಗುರುವಾರ ನಿಮಗೆ ಹೇಳುತ್ತಿದ್ದೆ. ಪಾಟು ಯಾಕೆ ಖಾಲಿ ಇರುತ್ತಿತ್ತು ಗೊತ್ತೇ? ತುಂಬಿದ್ದರೆ ನನ್ನ ಕೈ ನಡುಗಿ ಚೆಲ್ಲಿಬಿಡುತ್ತಿತ್ತು. ಇಷ್ಟು ವರ್ಷ ನಿಮಗೆ ಹೇಳದೆ ಮುಚ್ಚಿಟ್ಟದ್ದೂ ಒಂದು ಸುಳ್ಳೇ. ದುಂಡಗೆ ಬರೆದು ಒಪ್ಪಿಸಿದ್ದೇನೆ. ನನ್ನ ಊರನ್ನು ಇದ್ದ ಹಾಗೇ ಕಳಿಸಿಕೊಟ್ಟೆ, ಉಪಕಾರವಾಯಿತು. ಜೆಮ್ಮಾಳಿಗೆ ನನ್ನ ಮುತ್ತು."

ಎಷ್ಟು ಸಲ ಓದಿದೆನೋ. ನಗು ಬಂತು, ಅಳು ಬಂತು, ನಾನು ನಲವತ್ತು ವರ್ಷದಿಂದ ಪೂಜಿಸಿದ ಇಂಗ್ಲೆಂಡು ಮಂಗಳೂರಿನದೆಂದು ತಿಳಿದು ಸಿಸ್ಟರ್ ಲೂಸಿಯ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ; ಬರಲಿಲ್ಲ. ಸಿಸ್ಟರ್ ವಿನಿಫ್ರೆಡ್ ಮಾತ್ರ ಮೊದಲಿಗಿಂತ ಎತ್ತರವಾಗಿ ಕಂಡರು. ಗಣಿಯ ಸಾಲುಮನೆಯ ಆ ಹುಡುಗಿ, ನಡುಗುವ ಕೈಯಲ್ಲಿ ಖಾಲಿ ಪಾಟು ಹಿಡಿದು, ನಲವತ್ತು ಜಡೆಗಳೆದುರು ಎಷ್ಟು ನೆಟ್ಟಗೆ ನಿಂತಿದ್ದರು!

ಗಡಿಯಾರ ನೋಡಿದರೆ ನಾಲ್ಕಕ್ಕೆ ಮೂರು ನಿಮಿಷ. ಪಾಟು ಮುಟ್ಟಿದರೆ ತಣ್ಣಗಿದೆ. ಕುಲಾವಿ ತೊಡಿಸುವುದನ್ನೇ ಮರೆತಿದ್ದೆ. ಮತ್ತೆ ನೀರು ಕಾಯಿಸಲು ಹೊತ್ತಿಲ್ಲ. ಹೋದ ವಾರವಷ್ಟೇ ಜೆಮ್ಮಾ ನನ್ನೆದುರಿಗೇ ಊರಿನಲ್ಲಿರುವ ತಾಯಿಗೆ ಫೋನು ಮಾಡಿ, "ಇಲ್ಲೊಬ್ಬರು ಇಂಡಿಯನ್ ಲೇಡಿ ನಂಗೆ ಸರಿಯಾಗಿ ಟೀ ಮಾಡೋದು ಕಲಿಸ್ತಿದಾರಮ್ಮಾ, ಅವರದ್ದು ಅಸಲಿ" ಎಂದು ಹೆಮ್ಮೆಯಿಂದ ಹೇಳಿದ್ದಳು. ಪಕ್ಕದ ಮನೆಯ ಕಡೆಯ ಕಿಟಕಿಗೆ ಪರದೆ ಎಳೆದೆ. ಪಾಟಿನ ಟೀಯನ್ನೆಲ್ಲ ಗಾಜಿನ ಜಗ್ಗಿಗೆ ಸುರಿದು, ಮೈಕ್ರೋವೇವಿನೊಳಗಿಟ್ಟು, ಎರಡು ನಿಮಿಷ ಒತ್ತಿದೆ. ಅದು ಕೀಂಯ್ ಎನ್ನುವುದಕ್ಕೂ ಜೆಮ್ಮಾ ಕರೆಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಟೀಯನ್ನು ಮತ್ತೆ ಪಾಟಿಗೆ ಬಗ್ಗಿಸಿದೆ, ಕೈ ನಡುಗಿ ಸ್ವಲ್ಪ ಚೆಲ್ಲಿತು. ಮೇಜು ಒರೆಸಿ, ಕುಲಾವಿ ತೊಡಿಸಿ, ಗೊಂಡೆ ನೆಟ್ಟಗೆ ಮಾಡಿ, ಬಾಗಿಲು ತೆಗೆಯಲು ಹೋದೆ.